ಹೆಂಡರ್ಸನ್‌ನ ಪ್ರಾಜೆಕ್ಟ್ ಶಾಲೆಗೆ ಮಗಳನ್ನು ಸೇರಿಸಬಹುದೇ? ತಿಳಿದವರು ದಯವಿಟ್ಟು ಬರೆಯಿರಿ

ಶಾಕೋಪಿಯ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಮಿನ್ನೆಸೋಟಾದ ಶಾಕೋಪಿಯಲ್ಲಿದ್ದೇವೆ. ಮಗಳು ಏಳನೆಯ ತರಗತಿಯಲ್ಲಿದ್ದಾಳೆ. ಅಂಕಗಳಿಗೇನೂ ಕೊರತೆಯಿಲ್ಲ. ಆದರೆ ಶಾಲೆಯಲ್ಲಿ ಇವತ್ತು ಏನು ಕಲಿತೆ ಎಂದು ಕೇಳಿದರೆ ಉತ್ತರ ಕೊಡದೆ ಕೋಣೆಗೆ ಹೋಗುತ್ತಾಳೆ. ಅದೇ ಹುಡುಗಿ ಹಿತ್ತಲಿಗೆ ಬರುವ ಹಕ್ಕಿಗಳ ಪಟ್ಟಿಯೊಂದನ್ನು ಯಾರೂ ಹೇಳದೆಯೇ ಇಟ್ಟಿದ್ದಾಳೆ. ಯಾವುದು ಯಾವ ವಾರ ದಕ್ಷಿಣಕ್ಕೆ ಹೊರಟಿತು, ಯಾವುದು ಹಿಮದಲ್ಲೂ ಇಲ್ಲೇ ಉಳಿಯಿತು ಎಂದು ಬರೆದಿಡುತ್ತಾಳೆ.

ಹೆಂಡರ್ಸನ್ ಎಂಬ ಸಣ್ಣ ಊರಿನಲ್ಲಿರುವ ಮಿನ್ನೆಸೋಟಾ ನ್ಯೂ ಕಂಟ್ರಿ ಸ್ಕೂಲ್ ಬಗ್ಗೆ ಸಹೋದ್ಯೋಗಿಯೊಬ್ಬರು ಹೇಳಿದರು. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. 1994ರಲ್ಲಿ ಶುರುವಾದ ಚಾರ್ಟರ್ ಶಾಲೆ, ಅಂದರೆ ಜಿಲ್ಲೆಯ ಆಡಳಿತಕ್ಕೆ ಸೇರದೆ ತನ್ನದೇ ಮಂಡಳಿಯಿಂದ ನಡೆಯುವ ಶಾಲೆ. ಪಿರಿಯಡ್ ಇಲ್ಲ, ಗಂಟೆ ಬಾರಿಸುವುದಿಲ್ಲ, ಮುಖ್ಯೋಪಾಧ್ಯಾಯರೂ ಇಲ್ಲ. ಪ್ರತಿ ಮಗುವಿಗೂ ತನ್ನದೇ ಮೇಜು, ಕಂಪ್ಯೂಟರ್. ವಿಷಯವನ್ನು ತಾನೇ ಆರಿಸಿಕೊಂಡು ಪ್ರಾಜೆಕ್ಟ್ ಮಾಡಬೇಕು. ಶಾಲೆ ಮುಗಿಸಲು ಬೇಕಾದ ಕ್ರೆಡಿಟ್ ಸಿಗುವುದೂ ಅದರಿಂದಲೇ.

ನನಗೆ ಮನಸ್ಸಿದೆ, ಯಜಮಾನರಿಗೆ ಭಯವಿದೆ. ಗಣಿತದ ಗತಿಯೇನು? ಕಾಲೇಜಿನವರು ಒಪ್ಪುತ್ತಾರೆಯೇ? ಮಕ್ಕಳು ದಿನವಿಡೀ ಆಟವಾಡಿಕೊಂಡು ಇದ್ದುಬಿಟ್ಟರೆ? ಊರಿನಲ್ಲಿರುವ ಅತ್ತೆಯವರು "ಮೇಷ್ಟ್ರು ಪಾಠ ಮಾಡದ ಶಾಲೆಯೂ ಒಂದು ಶಾಲೆಯೇ" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಅನುಭವವಿದ್ದವರು ಬರೆಯಿರಿ.

ಗಣಿತಪ್ರಿಯ

ನಿಮ್ಮ ಅತ್ತೆಯವರ ಪ್ರಶ್ನೆ ಸರಿಯಾಗಿದೆ. ಅದನ್ನು ಹಳೆಯ ಕಾಲದವರ ಮಾತು ಎಂದು ತಳ್ಳಿಹಾಕಬೇಡಿ.

2006ರಲ್ಲಿ ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ ಎಂಬ ಮೂವರು ಶಿಕ್ಷಣ ಮನೋವಿಜ್ಞಾನಿಗಳು ಒಂದು ಲೇಖನ ಪ್ರಕಟಿಸಿದರು. ಅವರ ವಾದವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮನುಷ್ಯನ ತಾತ್ಕಾಲಿಕ ಸ್ಮೃತಿ ಬಹಳ ಚಿಕ್ಕದು. ಒಂದೇ ಸಲಕ್ಕೆ ಕೆಲವೇ ಸಂಗತಿಗಳು ಅದರಲ್ಲಿ ನಿಲ್ಲುತ್ತವೆ. ವಿಷಯ ಬಲ್ಲವನಿಗೆ ಇದು ತೊಡಕಲ್ಲ, ಅವನ ನೆನಪಿನ ಭಂಡಾರದಲ್ಲಿ ಈಗಾಗಲೇ ಬೇಕಾದಷ್ಟಿದೆ. ಹೊಸಬನಿಗೆ ಏನನ್ನು ಹುಡುಕಬೇಕೆಂಬುದೇ ಗೊತ್ತಿರುವುದಿಲ್ಲ. ಹುಡುಕುವ ಗಡಿಬಿಡಿಯಲ್ಲೇ ಅವನ ಗಮನವೆಲ್ಲ ಖರ್ಚಾಗಿ ಕಲಿಯಬೇಕಾದದ್ದು ಉಳಿದುಹೋಗುತ್ತದೆ. ಅದಕ್ಕೇ ಆರಂಭದಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳು, ಸ್ಪಷ್ಟ ವಿವರಣೆ, ಅಭ್ಯಾಸ ಬೇಕು. ವಿಜ್ಞಾನಿ ಕೆಲಸ ಮಾಡುವ ರೀತಿಯೇ ವಿಜ್ಞಾನ ಕಲಿಯುವ ರೀತಿಯಲ್ಲ ಎಂಬುದು ಅವರ ಮುಖ್ಯ ಮಾತು.

ನಾನು ವೃತ್ತಿಯಿಂದ ಎಂಜಿನಿಯರ್. ವಾರಾಂತ್ಯಗಳಲ್ಲಿ ಕನ್ನಡ ಕುಟುಂಬಗಳ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಭಿನ್ನರಾಶಿ ಗಟ್ಟಿಯಾಗಿರದ ಮಗು ಬೀಜಗಣಿತಕ್ಕೆ ಬಂದಾಗ ಪಡುವ ಕಷ್ಟವನ್ನು ನೋಡುತ್ತಲೇ ಇರುತ್ತೇನೆ. ಕೇಕ್ ಮಾಡುವ ಪ್ರಾಜೆಕ್ಟಿನಲ್ಲಿ ಭಿನ್ನರಾಶಿ ಎದುರಾಗುತ್ತದೆ, ಒಪ್ಪುತ್ತೇನೆ. ಆದರೆ ಎದುರಾಗುವುದಕ್ಕೂ ಕೈಗೆ ಹತ್ತುವುದಕ್ಕೂ ಬಹಳ ಅಂತರವಿದೆ.

ಬಸವನಗುಡಿ ಓದುಗ

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಪ್ರಾಜೆಕ್ಟ್ ಎಂಬ ಮಾತಿಗೆ ಆಗಿರುವ ಗತಿಯನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಾಳೆ ಬೆಳಗ್ಗೆ ಕೊಡಬೇಕಾದ ಸೌರವ್ಯೂಹದ ಮಾದರಿಗೆ ರಾತ್ರಿ ಒಂಬತ್ತಕ್ಕೆ ಥರ್ಮೋಕೋಲ್ ಹುಡುಕಿಕೊಂಡು ಅಪ್ಪ ಓಡುತ್ತಾನೆ. ಚಾರ್ಟ್ ಬರೆಯುವುದು ಅಮ್ಮ. ಸ್ಟೇಷನರಿ ಅಂಗಡಿಯಲ್ಲಿ ಸಿದ್ಧ ಮಾದರಿಗಳೇ ಮಾರಾಟಕ್ಕಿವೆ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ವಿಷಯಗಳಿಗೆ ತಲಾ 20 ಆಂತರಿಕ ಅಂಕಗಳನ್ನು ಇಟ್ಟ ಉದ್ದೇಶ ಒಳ್ಳೆಯದೇ. ಆದರೆ ಆ ಅಂಕಗಳಿಗೆಂದು ಬರೆದ ಚಟುವಟಿಕೆಯ ಪುಸ್ತಕಗಳಲ್ಲಿ ಎಷ್ಟನ್ನು ಮಗು ತಾನೇ ಯೋಚಿಸಿ ಬರೆದಿರುತ್ತದೆ? ಗೆಳತಿಯ ಪುಸ್ತಕ ನೋಡಿ ನಕಲು ಮಾಡಿದ್ದೇ ಹೆಚ್ಚು.

ಹೆಂಡರ್ಸನ್ ಶಾಲೆಯಲ್ಲೂ ಇದೇ ಆಗುವುದಿಲ್ಲವೆಂದು ಹೇಗೆ ನಂಬುವುದು?

ತುಂಗಾತೀರ

ಬಹುಕಾಲದಿಂದ ಈ ರಾಜ್ಯದಲ್ಲಿದ್ದೇನೆ. ಬೇರೊಂದು ಚಾರ್ಟರ್ ಶಾಲೆಯ ಆಡಳಿತ ಮಂಡಳಿಯಲ್ಲಿ ಕೆಲಸ ಮಾಡಿದ್ದೇನೆ. ಹೆಂಡರ್ಸನ್ ಶಾಲೆಯ ಕಥೆಯನ್ನು ಆಗಿನಿಂದಲೂ ಗಮನಿಸಿಕೊಂಡು ಬಂದಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಕಪ್ಪೆಗಳ ವಿಷಯ. 1995ರ ಆಗಸ್ಟ್. ಶಾಲೆ ಶುರುವಾಗಿ ಇನ್ನೂ ಒಂದೇ ವರ್ಷ. ಶಿಕ್ಷಕಿಯೊಬ್ಬರು ಮಕ್ಕಳನ್ನು ಹೆಂಡರ್ಸನ್ ಬಳಿಯ ನೇ ಎಂಬ ಕುಟುಂಬದ ಜಮೀನಿಗೆ ಪ್ರಕೃತಿ ವೀಕ್ಷಣೆಗೆಂದು ಕರೆದುಕೊಂಡು ಹೋಗಿದ್ದರು. ಅಲ್ಲಿನ ಜೌಗಿನ ಬಳಿ ಮಕ್ಕಳು ಲೆಪರ್ಡ್ ಕಪ್ಪೆಗಳನ್ನು ಹಿಡಿಯತೊಡಗಿದರು. ಒಂದಕ್ಕೆ ಹಿಂಗಾಲು ತಿರುಚಿಕೊಂಡಿತ್ತು. ಇನ್ನೊಂದಕ್ಕೆ ಕಾಲೇ ಇರಲಿಲ್ಲ. ಕಾಲು ಮುರಿದಿರಬೇಕು ಎಂದುಕೊಂಡವರು ಹಿಡಿಯುತ್ತಾ ಹೋದಂತೆ, ಕೈಗೆ ಸಿಕ್ಕಿದವುಗಳಲ್ಲಿ ಸುಮಾರು ಅರ್ಧದಷ್ಟು ಹಾಗೆಯೇ ಇರುವುದು ಕಂಡಿತು.

ಇಲ್ಲಿ ನಿಂತು ಯೋಚಿಸಿ. ನಾನು ಓದಿದ ಶಾಲೆಯಲ್ಲಿ ಹೀಗಾಗಿದ್ದರೆ "ಅದನ್ನು ಕೆಳಗೆ ಬಿಡು, ಕೈ ತೊಳೆದುಕೊ, ಪಾಠಕ್ಕೆ ಹೊತ್ತಾಯಿತು" ಎಂದು ಮುಗಿಯುತ್ತಿತ್ತು. ಅಲ್ಲಿ ಮುಂದಿನ ಪಾಠವೆಂಬುದೇ ಇರಲಿಲ್ಲ. ಎಣಿಸಿ, ಬರೆದಿಟ್ಟು, ಚಿತ್ರ ತೆಗೆದು, ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆಗೆ ತಿಳಿಸಿದರು. ವಿಜ್ಞಾನಿಗಳು ಬಂದರು. ರಾಜ್ಯದ ಬೇರೆ ಭಾಗಗಳಿಂದಲೂ ಅಂಥದೇ ವರದಿಗಳು ಬರತೊಡಗಿದವು, ದೇಶದ ಪತ್ರಿಕೆಗಳೆಲ್ಲ ಬರೆದವು. ಸಂಶೋಧನೆಗೆ ಹಣ ಬೇಕೆಂದು ಮಕ್ಕಳು ಶಾಸಕರ ಮುಂದೆಯೂ ಹೋಗಿ ಮಾತನಾಡಿದರು.

ಕಾರಣ ಮಾತ್ರ ಸುಲಭವಾಗಿ ಸಿಗಲಿಲ್ಲ. ಕೀಟನಾಶಕವೇ? ನೇರಳಾತೀತ ಕಿರಣಗಳೇ? ನೀರಿನಲ್ಲಿ ಇನ್ನೇನಾದರೂ ಇದೆಯೇ? 1999ರಲ್ಲಿ ಪೀಟರ್ ಜಾನ್ಸನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಕಪ್ಪೆಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ರೈಬಿರೋಯಾ ಎಂಬ ಪರೋಪಜೀವಿ ಚಪ್ಪಟೆ ಹುಳು ಬಸವನಹುಳುವಿನಿಂದ ಹೊರಬಂದು ಗೊದಮೊಟ್ಟೆಯ ಕಾಲು ಮೂಡುವ ಜಾಗದಲ್ಲಿ ಹೊಕ್ಕರೆ ಕಾಲುಗಳು ಹೆಚ್ಚಾಗುವುದು, ಕಡಿಮೆಯಾಗುವುದು, ತಿರುಚುವುದು ಎಲ್ಲವೂ ಆಗುತ್ತದೆ ಎಂದು ಅವರು ತೋರಿಸಿದರು. ಹೊಲದ ಗೊಬ್ಬರ ಕೊಳಕ್ಕೆ ಸೇರಿದರೆ ಪಾಚಿ ಹೆಚ್ಚುತ್ತದೆ, ಪಾಚಿ ತಿನ್ನುವ ಬಸವನಹುಳು ಹೆಚ್ಚುತ್ತದೆ, ಅದರೊಂದಿಗೆ ಪರೋಪಜೀವಿಯೂ ಹೆಚ್ಚುತ್ತದೆ ಎಂಬುದು ಆಮೇಲಿನ ಸಂಶೋಧನೆಯಲ್ಲಿ ತಿಳಿಯಿತು. ಆದರೂ ಮಿನ್ನೆಸೋಟಾದ ಎಲ್ಲ ಕೊಳಗಳಿಗೂ ಇದೊಂದೇ ಕಾರಣ ಎಂದು ತೀರ್ಮಾನವಾಗಲಿಲ್ಲ. ಪಠ್ಯಪುಸ್ತಕದ ಕೊನೆಯ ಪುಟದಲ್ಲಿ ಉತ್ತರವಿಲ್ಲದ ಪ್ರಶ್ನೆಯನ್ನು ಆ ಮಕ್ಕಳು ಹನ್ನೆರಡು ಹದಿಮೂರರ ವಯಸ್ಸಿನಲ್ಲೇ ಕೈಯಲ್ಲಿ ಹಿಡಿದಿದ್ದರು.

ಈಗ ಬಸವನಗುಡಿಯವರ ಪ್ರಶ್ನೆಗೆ ಬರುತ್ತೇನೆ. ಥರ್ಮೋಕೋಲ್ ಪ್ರಾಜೆಕ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಮಕ್ಕಳಲ್ಲಿಲ್ಲ, ವ್ಯವಸ್ಥೆಯಲ್ಲಿದೆ. ಆ ಶಾಲೆಯಲ್ಲಿ ಮಗು ಮೊದಲು ಪ್ರಸ್ತಾವ ಬರೆಯಬೇಕು: ನನಗೆ ಏನು ತಿಳಿಯಬೇಕು, ಅದರಿಂದ ರಾಜ್ಯ ಹೇಳಿರುವ ಕಲಿಕಾ ಮಾನದಂಡಗಳಲ್ಲಿ ಯಾವುದು ಪೂರೈಸುತ್ತದೆ, ಯಾವ ಮೂಲಗಳಿಂದ ತಿಳಿಯುತ್ತೇನೆ. ಆ ಮೂಲಗಳಲ್ಲಿ ಒಂದಾದರೂ ಜೀವಂತ ಮನುಷ್ಯನಾಗಿರಬೇಕು, ಅಂದರೆ ಆ ವಿಷಯ ಬಲ್ಲವರನ್ನು ಹುಡುಕಿ ಮಾತನಾಡಿಸಬೇಕು. ಪ್ರಸ್ತಾವವನ್ನು ಸಲಹೆಗಾರ ಶಿಕ್ಷಕರು ಒಪ್ಪಿದ ಮೇಲೆಯೇ ಕೆಲಸ. ಕಳೆದ ಹೊತ್ತಿನ ಲೆಕ್ಕ ಇಡಬೇಕು. ಸುಮಾರು ನೂರು ಗಂಟೆಗಳ ಕೆಲಸಕ್ಕೆ ಒಂದು ಕ್ರೆಡಿಟ್, ವರ್ಷಕ್ಕೆ ಹತ್ತು ಎಂಬುದು ಅವರ ರೂಢಿ. ಮುಗಿದ ಮೇಲೆ ಶಿಕ್ಷಕರ ಮುಂದೆ ಕುಳಿತು ಉತ್ತರ ಹೇಳಬೇಕು, ಎಷ್ಟು ಕ್ರೆಡಿಟ್ ಎಂದು ಅಲ್ಲಿ ತೀರ್ಮಾನವಾಗುತ್ತದೆ. ಪ್ರದರ್ಶನದ ಸಂಜೆಗಳಲ್ಲಿ ಊರಿನವರೆಲ್ಲ ಬಂದು ಪ್ರಶ್ನೆ ಕೇಳುತ್ತಾರೆ. ಕೊನೆಯ ವರ್ಷದ ದೊಡ್ಡ ಪ್ರಾಜೆಕ್ಟಿಗೆ ಮುನ್ನೂರು ಗಂಟೆ. ಅಮ್ಮ ಬರೆದುಕೊಟ್ಟ ಚಾರ್ಟ್ ಇಂಥ ಕಡೆ ಎಷ್ಟು ಹೊತ್ತು ನಿಲ್ಲುತ್ತದೆ ಹೇಳಿ.

ಶಾಕೋಪಿಯವರೇ, ಮೇಷ್ಟ್ರು ಪಾಠ ಮಾಡುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಗಣಿತವನ್ನು ಪ್ರಾಜೆಕ್ಟುಗಳ ಪಾಲಿಗೆ ಬಿಟ್ಟಿಲ್ಲ, ಅದಕ್ಕೆ ಬೇರೆಯೇ ಸಮಯವಿದೆ. ದಿನವೂ ಸುಮ್ಮನೆ ಕುಳಿತು ಓದುವ ಹೊತ್ತೂ ಇದೆ.

ಹೊಸಬ

ಒಂದು ಸಣ್ಣ ಪ್ರಶ್ನೆ. ಇದು ಖಾಸಗಿ ಶಾಲೆಯೇ? ಶುಲ್ಕ ಎಷ್ಟು? ಪ್ರವೇಶ ಪರೀಕ್ಷೆ ಇದೆಯೇ?

ತುಂಗಾತೀರ

ಖಾಸಗಿಯಲ್ಲ, ಸಾರ್ವಜನಿಕ ಶಾಲೆ. ಶುಲ್ಕವಿಲ್ಲ. ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸುವಂತಿಲ್ಲ. ಜಾಗಕ್ಕಿಂತ ಅರ್ಜಿಗಳು ಹೆಚ್ಚಾದರೆ ಲಾಟರಿ ಎತ್ತಬೇಕು. ರಾಜ್ಯ ಎಲ್ಲ ಸಾರ್ವಜನಿಕ ಶಾಲೆಗಳಿಗೂ ಇಡುವ ಎಂಸಿಎ ಎಂಬ ಪರೀಕ್ಷೆಗಳನ್ನು ಉಳಿದ ಶಾಲೆಗಳಂತೆ ಇವರೂ ನಡೆಸಬೇಕು. ಬೇರೆಯಾಗಿರುವುದು ಒಂದೇ. ಜಿಲ್ಲಾ ಶಿಕ್ಷಣ ಮಂಡಳಿಯ ಬದಲು ತಮ್ಮದೇ ಮಂಡಳಿಯಿಂದ ನಡೆಯುತ್ತದೆ. ಮೇಲ್ವಿಚಾರಣೆ ಮಾಡುವ ಪ್ರಾಧಿಕಾರಿ ಸಂಸ್ಥೆಯ ಜೊತೆ ಒಪ್ಪಂದವಿರುತ್ತದೆ. ಒಪ್ಪಂದದಂತೆ ನಡೆಯದಿದ್ದರೆ ಮುಚ್ಚಿಸಬಹುದು.

ಪುತ್ತೂರು ಕಡೆಯವನು

ಕಪ್ಪೆಯ ಕಥೆ ಓದಿ ನನಗೆ ನಮ್ಮ ಕಡೆಯ ಕರುಗಳ ನೆನಪಾಯಿತು.

ಕಾಸರಗೋಡಿನಲ್ಲಿ, ನಮ್ಮ ದಕ್ಷಿಣ ಕನ್ನಡದ ಕೆಲವು ಊರುಗಳಲ್ಲಿ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೇ ಪಡ್ರೆ ಗ್ರಾಮದಲ್ಲಿ ಕಾಲು ತಿರುಚಿದ ಕರುಗಳು ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆಯವರು ಗಮನಿಸಿ ಬರೆದರು. ಆಮೇಲೆ ಅಲ್ಲಿನ ವೈದ್ಯರೊಬ್ಬರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಏನೋ ಅಸಹಜವಾಗಿದೆ ಎಂದು ದನಿ ಎತ್ತಿದರು. ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ನಿಲ್ಲಿಸಿದ್ದು 2011ರಲ್ಲಿ.

ಆ ಊರುಗಳಲ್ಲೆಲ್ಲ ಶಾಲೆಗಳಿದ್ದವು. ಅವುಗಳಲ್ಲಿ ಒಳ್ಳೆಯ ಮೇಷ್ಟ್ರುಗಳಿದ್ದರು. ಮಕ್ಕಳು ದಿನವೂ ಆ ತೋಟಗಳ ಬದಿಯಿಂದಲೇ ನಡೆದು ಬರುತ್ತಿದ್ದರು. ಜೇನು ಕಡಿಮೆಯಾದದ್ದನ್ನು, ತೋಡಿನ ಮೀನು ಸತ್ತು ತೇಲಿದ್ದನ್ನು ಮೊದಲು ಕಂಡವರೂ ಅವರೇ ಇದ್ದಿರಬೇಕು. ಆದರೆ ಅದನ್ನು ಎಣಿಸಿ ಬರೆದಿಡುವುದು ಶಾಲೆಯ ಕೆಲಸ ಎಂದು ಯಾರಿಗೂ ಅನ್ನಿಸುವಂತಿರಲಿಲ್ಲ. ವಿಜ್ಞಾನದ ಪಾಠ ಪುಸ್ತಕದಲ್ಲಿತ್ತು, ಸತ್ತ ಮೀನು ತೋಡಿನಲ್ಲಿತ್ತು. ಎರಡನ್ನೂ ಒಂದು ಕಡೆ ತರುವ ಅಧಿಕಾರ ಮೇಷ್ಟ್ರಿಗಿರಲಿಲ್ಲ. ಹತ್ತು ಶಾಲೆಗಳು ಆ ಲೆಕ್ಕವನ್ನು ಇಟ್ಟಿದ್ದರೆ ಎಂದು ಯೋಚಿಸಿದಾಗಲೆಲ್ಲ ಸಂಕಟವಾಗುತ್ತದೆ.

ಗಣಿತಪ್ರಿಯರೇ, ನೀವು ಹೇಳಿದ ತಾತ್ಕಾಲಿಕ ಸ್ಮೃತಿಯ ವಿಚಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶಾಲೆ ಇರುವುದು ಏತಕ್ಕೆ ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು.

ಗಣಿತಪ್ರಿಯ

ನಿಮ್ಮ ಮಾತು ಮನಸ್ಸಿಗೆ ನಾಟಿತು. ಆದರೆ ಒಂದನ್ನು ಗಮನಿಸಿ. ಶ್ರೀ ಪಡ್ರೆಯವರು ಕರುಗಳನ್ನು ನೋಡಿ ಸಂಶಯಪಟ್ಟದ್ದು ಅವರಿಗೆ ಕೃಷಿ, ಪಶು, ಔಷಧ ಎಲ್ಲದರ ತಿಳಿವಳಿಕೆ ಮೊದಲೇ ಇದ್ದುದರಿಂದ. ತಿಳಿದವನ ಕಣ್ಣಿಗೆ ಮಾತ್ರ ಅಸಹಜವು ಅಸಹಜವಾಗಿ ಕಾಣುತ್ತದೆ. ಕಪ್ಪೆಯ ಕಾಲು ಹೇಗಿರಬೇಕೆಂದು ಗೊತ್ತಿಲ್ಲದ ಮಗು ತಿರುಚಿದ ಕಾಲನ್ನು ಗುರುತಿಸುವುದು ಹೇಗೆ?

ಪುತ್ತೂರು ಕಡೆಯವನು

ಅದಕ್ಕೆ ಕಪ್ಪೆಯನ್ನು ನೋಡಿರಬೇಕು. ಪುಸ್ತಕ ಓದಿರಬೇಕೆಂದೇನಿಲ್ಲ.

ಕಪಿಲಾ ದಂಡೆ

ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ಮೈಸೂರು ಜಿಲ್ಲೆ. ಮಗ ಈ ಚರ್ಚೆಯನ್ನು ತೋರಿಸಿದ್ದರಿಂದ ಬರೆಯುತ್ತಿದ್ದೇನೆ.

ಅಮೆರಿಕದ ಆ ಶಾಲೆಯ ಬಗ್ಗೆ ನನಗೆ ತಿಳಿದಿರುವುದು ಇಲ್ಲಿ ಓದಿದಷ್ಟೇ. ಆದರೆ ಅದೇ 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆಯಲ್ಲಿ ನಲಿಕಲಿ ಶುರುವಾಯಿತು. ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದರು. ಬಂದವರು ಅದನ್ನು ಹಾಗೆಯೇ ನಕಲು ಮಾಡಲಿಲ್ಲ. ತಾವೇ ಕುಳಿತು ಕಾರ್ಡುಗಳನ್ನು ಬರೆದರು, ಚಿತ್ರ ಬಿಡಿಸಿದರು, ನಮ್ಮ ಕಡೆಯ ಹಾಡು, ಒಗಟು, ಆಟಗಳನ್ನು ಸೇರಿಸಿದರು. ಕಲಿಕೆಯ ಏಣಿಯೊಂದನ್ನು ಗೋಡೆಗೆ ಹಾಕಿ, ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಮಗುವೇ ನೋಡಿಕೊಂಡು ಮುಂದಿನ ಕಾರ್ಡು ತೆಗೆದುಕೊಳ್ಳುವಂತೆ ಮಾಡಿದರು. ಮಗುವಿನ ಕೈಗೆ ಎಟುಕುವಂತೆ ಗೋಡೆಯ ಕೆಳಭಾಗದಲ್ಲಿ ಕಪ್ಪು ಹಲಗೆ. ಮೇಲೆ ಮಕ್ಕಳು ಮಾಡಿದ ಚಿತ್ರ, ಬರಹಗಳನ್ನು ತೂಗುಹಾಕಿದ ಚಪ್ಪರ. ದನ ಕಾಯಲು ಹೋಗಿ ವಾರ ತಪ್ಪಿಸಿಕೊಂಡ ಮಗು ಬಂದರೆ ನಿಂತ ಮೆಟ್ಟಿಲಿನಿಂದಲೇ ಶುರು. ಹಿಂದೆ ಬಿದ್ದೆ ಎಂಬ ಅವಮಾನ ಆ ಮಗುವಿಗಿರಲಿಲ್ಲ.

2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಬಂದದ್ದು ಒಳ್ಳೆಯದೇ ಆಯಿತು, ಈಗಲೂ ಒಳ್ಳೆಯ ನಲಿಕಲಿ ಕೊಠಡಿ ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಮೊದಲು ಕಾರ್ಡು ಬರೆದವರಿಗೂ ಆಮೇಲೆ ಅಚ್ಚಾದ ಕಾರ್ಡಿನ ಪೆಟ್ಟಿಗೆ ಬಿಚ್ಚಿದವರಿಗೂ ವ್ಯತ್ಯಾಸವಿತ್ತು. ಬರೆದವರಿಗೆ ಆ ಕಾರ್ಡು ಅಲ್ಲಿ ಏಕಿದೆ ಎಂದು ಗೊತ್ತಿತ್ತು. ಸರಿಬರದಿದ್ದರೆ ತೆಗೆದು ಬೇರೆ ಬರೆಯುತ್ತಿದ್ದರು. ಪೆಟ್ಟಿಗೆ ಬಿಚ್ಚಿದವರಲ್ಲಿ ಅನೇಕರಿಗೆ ಅದು ತುಂಬಿಸಬೇಕಾದ ಮತ್ತೊಂದು ನಮೂನೆಯಾಗಿ ಕಂಡಿತು. ಅವರು ಕೆಟ್ಟ ಶಿಕ್ಷಕರಲ್ಲ. ಬದಲಾಯಿಸುವ ಹಕ್ಕು ತಮಗಿದೆ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಆದ್ದರಿಂದ ತಾಯಿ, ಆ ಶಾಲೆಗೆ ಹೋದಾಗ ಮಕ್ಕಳ ಪ್ರಾಜೆಕ್ಟುಗಳನ್ನು ಆಮೇಲೆ ನೋಡಿ. ಮೊದಲು ಅಲ್ಲಿನ ಶಿಕ್ಷಕರನ್ನು ಕೇಳಿ: ಒಂದು ಕ್ರಮ ಸರಿಯಿಲ್ಲವೆಂದು ನಿಮಗೆ ಕಂಡರೆ ಯಾರನ್ನು ಕೇಳಿ ಬದಲಾಯಿಸುತ್ತೀರಿ?

ತುಂಗಾತೀರ

ಕಪಿಲಾ ದಂಡೆಯ ಮೇಷ್ಟ್ರಿಗೆ ನಮಸ್ಕಾರ. ನಾನು ಹೇಳದೆ ಬಿಟ್ಟಿದ್ದ ಮುಖ್ಯ ಸಂಗತಿಗೆ ನೀವು ದಾರಿ ಮಾಡಿಕೊಟ್ಟಿರಿ.

ಚಾರ್ಟರ್ ಶಾಲೆ ಎಂದೊಡನೆ ಇಂದು ಖಾಸಗೀಕರಣದ ಜಗಳವೇ ನೆನಪಾಗುತ್ತದೆ. ಆ ಜಗಳಕ್ಕೆ ಕಾರಣಗಳೂ ಇವೆ. ಆದರೆ 1988ರಲ್ಲಿ ಈ ಕಲ್ಪನೆಗೆ ದೇಶದಾದ್ಯಂತ ದನಿ ಕೊಟ್ಟವರು ಅಮೆರಿಕದ ಶಿಕ್ಷಕರ ಒಕ್ಕೂಟವೊಂದರ ಅಧ್ಯಕ್ಷರಾಗಿದ್ದ ಆಲ್ಬರ್ಟ್ ಶಾಂಕರ್. ಶಿಕ್ಷಕರ ಸಣ್ಣ ಗುಂಪೊಂದು ತಾವೇ ಯೋಚಿಸಿದ ಶಾಲೆಯನ್ನು ನಡೆಸಿ ನೋಡಲು ಅವಕಾಶವಿರಲಿ ಎಂಬುದು ಅವರ ಆಸೆಯಾಗಿತ್ತು. 1991ರಲ್ಲಿ ಮಿನ್ನೆಸೋಟಾ ಈ ಬಗ್ಗೆ ದೇಶದ ಮೊದಲ ಕಾನೂನು ಮಾಡಿತು. 1992ರಲ್ಲಿ ಸೇಂಟ್ ಪಾಲ್‌ನಲ್ಲಿ ಸಿಟಿ ಅಕಾಡೆಮಿ ಎಂಬ ಮೊದಲ ಚಾರ್ಟರ್ ಶಾಲೆ ತೆರೆಯಿತು. ಆಮೇಲೆ ಕಲ್ಪನೆ ಬೇರೆ ಬೇರೆ ದಿಕ್ಕಿಗೆ ಹೋಯಿತು, ಶಾಂಕರ್ ಅವರೇ ಅದರಿಂದ ದೂರ ಸರಿದರು.

ಹೆಂಡರ್ಸನ್‌ನವರು ಮೂಲ ಆಸೆಯನ್ನು ಅಕ್ಷರಶಃ ತೆಗೆದುಕೊಂಡರು. ಅಲ್ಲಿನ ಶಿಕ್ಷಕರು ಎಡ್‌ವಿಷನ್ಸ್ ಎಂಬ ಸಹಕಾರ ಸಂಘ ಕಟ್ಟಿದರು. ನಮ್ಮ ಹಳ್ಳಿಯ ಹಾಲು ಉತ್ಪಾದಕರ ಸಂಘ ಹಾಲು ಹಾಕುವವರದ್ದೇ ಆಗಿರುವಂತೆ ಇದು ಪಾಠ ಹೇಳುವವರ ಸಂಘ. ಶಾಲೆಯ ಮಂಡಳಿ ಕಲಿಕೆಯ ಹೊಣೆಯನ್ನು ಈ ಸಂಘಕ್ಕೆ ಒಪ್ಪಂದದ ಮೇಲೆ ಕೊಟ್ಟಿತು. ಯಾರನ್ನು ನೇಮಿಸಬೇಕು, ಸಂಬಳ ಎಷ್ಟು, ಹಣ ಯಾವುದಕ್ಕೆ ಖರ್ಚು, ಸಹೋದ್ಯೋಗಿಯ ಕೆಲಸ ಸರಿಯಿದೆಯೇ ಎಂಬುದನ್ನೆಲ್ಲ ಶಿಕ್ಷಕರೇ ಕುಳಿತು ನಿರ್ಧರಿಸಿದರು. ಮುಖ್ಯೋಪಾಧ್ಯಾಯರಿಲ್ಲ ಎಂಬುದರ ಅರ್ಥ ಹೇಳುವವರು ಕೇಳುವವರು ಇಲ್ಲವೆಂದಲ್ಲ. ಪ್ರತಿ ಶಿಕ್ಷಕರಿಗೂ ಸುಮಾರು ಇಪ್ಪತ್ತು ಮಕ್ಕಳ ಗುಂಪು, ಅದೇ ಗುಂಪು ವರ್ಷಗಟ್ಟಲೆ. ಆ ಇಪ್ಪತ್ತರಲ್ಲಿ ಒಂದು ಮಗು ಮಂಕಾದರೆ ಅದು ಆ ಶಿಕ್ಷಕರಿಗೆ ಅಂದೇ ಗೊತ್ತಾಗುತ್ತದೆ.

ಪ್ರಾಜೆಕ್ಟ್ ಎಂಬುದು ಹೊಸ ಮಾತಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಕಿಲ್‌ಪ್ಯಾಟ್ರಿಕ್ ಪ್ರಾಜೆಕ್ಟ್ ವಿಧಾನದ ಬಗ್ಗೆ 1918ರಲ್ಲೇ ಬರೆದಿದ್ದರು. ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಕೈಕೆಲಸದ ಮೂಲಕ ಕಲಿಸುವ ನಯೀ ತಾಲೀಮನ್ನು ಮುಂದಿಟ್ಟರು. ಕಲ್ಪನೆ ಹಳೆಯದೇ. ಅದು ಮತ್ತೆ ಮತ್ತೆ ಸೋತದ್ದು ಶಿಕ್ಷಕರ ಕೈಗೆ ಹೊಣೆ ಕೊಟ್ಟು ಅಧಿಕಾರ ಕೊಡದೆ ಇದ್ದಾಗ ಎಂದು ನಾನು ತಿಳಿದಿದ್ದೇನೆ.

ಈಡನ್ ಪ್ರೇರಿ

ಇಷ್ಟೆಲ್ಲ ಓದಿ ಆಸೆ ಹುಟ್ಟುವುದು ಸಹಜ. ನನಗಾದದ್ದನ್ನೂ ಕೇಳಿ.

ನಮ್ಮ ಮಗ ಓದಿದ್ದು ಬೇರೊಂದು ಚಾರ್ಟರ್ ಶಾಲೆಯಲ್ಲಿ. ಹೆಸರು ಬೇಡ, ಈಗ ಅದು ಇಲ್ಲ. ಅಲ್ಲಿಯೂ ಪ್ರಾಜೆಕ್ಟ್ ಎಂಬುದೇ ಮಂತ್ರ. ಶುರುವಿನಲ್ಲಿ ಚೆನ್ನಾಗಿತ್ತು. ಕಟ್ಟಿ ನಿಲ್ಲಿಸಿದ ಇಬ್ಬರು ಶಿಕ್ಷಕರು ಬೇರೆ ಕಡೆ ಹೋದ ಮೇಲೆ ಬಂದವರಿಗೆ ಏನು ಮಾಡಬೇಕೆಂಬುದೇ ತಿಳಿಯಲಿಲ್ಲ. ಮಗ ವರ್ಷವೆಲ್ಲ ಒಂದೇ ವಿಡಿಯೊ ಗೇಮಿನ ಇತಿಹಾಸ ಬರೆದ. ಯಾರೂ ಅವನನ್ನು ಒಂದು ಕಠಿಣ ಪ್ರಶ್ನೆ ಕೇಳಲಿಲ್ಲ. ಮಕ್ಕಳು ಕಡಿಮೆಯಾದಂತೆ ಹಣ ಕಡಿಮೆಯಾಯಿತು, ಕಟ್ಟಡದ ಬಾಡಿಗೆ ಭಾರವಾಯಿತು. ಮುಚ್ಚುತ್ತೇವೆ ಎಂಬ ಪತ್ರ ಬಂದಾಗ ಉಳಿದ ಶಾಲೆಗಳಲ್ಲಿ ಪ್ರವೇಶದ ಗಡುವು ಮುಗಿದಿತ್ತು. ಹೊಸ ಶಾಲೆಯವರು ಇವನ ಕ್ರೆಡಿಟ್ ಪಟ್ಟಿ ನೋಡಿ ತಲೆ ಕೆರೆದುಕೊಂಡರು. ಒಂದು ವರ್ಷದ ಗಣಿತವನ್ನು ಮತ್ತೆ ಓದಬೇಕಾಯಿತು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಚಾರ್ಟರ್ ಶಾಲೆಗೆ ಜಿಲ್ಲೆಯ ಶಾಲೆಗಳಂತೆ ಸ್ಥಳೀಯ ಆಸ್ತಿ ತೆರಿಗೆ ಎತ್ತುವ ಅಧಿಕಾರವಿಲ್ಲ. ಮಗುವಿನ ತಲೆಗೆ ಇಷ್ಟೆಂದು ಬರುವ ಹಣವೇ ಆಧಾರ. ನೂರು ಮಕ್ಕಳ ಶಾಲೆಯಲ್ಲಿ ಹದಿನೈದು ಮಕ್ಕಳು ಬಿಟ್ಟರೆ ಒಬ್ಬ ಶಿಕ್ಷಕರ ಸಂಬಳ ಹೋದಂತೆ. ಸಣ್ಣ ಶಾಲೆಯ ಸೊಗಸನ್ನು ಹೇಳುವವರು ಈ ಲೆಕ್ಕವನ್ನೂ ಹೇಳಬೇಕು.

ಗಣಿತಪ್ರಿಯ

ಈಡನ್ ಪ್ರೇರಿಯವರು ಹೇಳಿದ್ದು ಬಿಡಿ ಘಟನೆಯಲ್ಲ. 2000ದ ಸುಮಾರಿಗೆ ಗೇಟ್ಸ್ ಪ್ರತಿಷ್ಠಾನ ಸಣ್ಣ ಪ್ರೌಢಶಾಲೆಗಳಿಗೆ ಭಾರಿ ಹಣ ಸುರಿಯಿತು. ಹೆಂಡರ್ಸನ್‌ನಂಥ ಶಾಲೆಗಳನ್ನು ಬೇರೆ ಕಡೆ ಕಟ್ಟಲು ಎಡ್‌ವಿಷನ್ಸ್‌ಗೂ ಕೊಟ್ಟಿತು. 2009ರ ತಮ್ಮ ವಾರ್ಷಿಕ ಪತ್ರದಲ್ಲಿ ಬಿಲ್ ಗೇಟ್ಸ್ ಅವರೇ, ತಾವು ಹಣ ಹೂಡಿದ ಸಣ್ಣ ಶಾಲೆಗಳಲ್ಲಿ ಅನೇಕವು ಮಕ್ಕಳ ಸಾಧನೆಯನ್ನು ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ ಎಂದು ಬರೆದರು.

ಇನ್ನೊಂದು ಬದಿಯ ಸಾಕ್ಷ್ಯವನ್ನೂ ನಾನೇ ಇಡುತ್ತೇನೆ, ಅದು ನ್ಯಾಯ. 2021ರಲ್ಲಿ ಎಪಿ ಮಟ್ಟದ, ಅಂದರೆ ಪ್ರೌಢಶಾಲೆಯಲ್ಲೇ ಓದುವ ಕಾಲೇಜು ಮಟ್ಟದ, ಎರಡು ವಿಷಯಗಳಲ್ಲಿ, ಅಮೆರಿಕದ ಸರ್ಕಾರ ಮತ್ತು ಪರಿಸರ ವಿಜ್ಞಾನ, ನಡೆಸಿದ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಶಾಲೆಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದ್ದರು. ಪ್ರಾಜೆಕ್ಟ್ ಮೂಲಕ ಕಲಿತವರಲ್ಲಿ ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಪ್ರಮಾಣ ಸುಮಾರು ಎಂಟು ಶೇಕಡಾಂಶ ಹೆಚ್ಚಿತ್ತು. ಆದರೆ ಅಲ್ಲಿ ಪ್ರಾಜೆಕ್ಟುಗಳನ್ನು ಪರಿಣತರು ಮೊದಲೇ ರೂಪಿಸಿದ್ದರು, ಶಿಕ್ಷಕರಿಗೆ ತರಬೇತಿ ಕೊಟ್ಟಿದ್ದರು, ವರ್ಷವಿಡೀ ಬೆಂಬಲವಿತ್ತು. ಮಗುವನ್ನು ತನ್ನ ಪಾಡಿಗೆ ಬಿಟ್ಟಿರಲಿಲ್ಲ. ಅಂದರೆ ಹಿರಿಯರ ಕೆಲಸ ಹೆಚ್ಚಾದಾಗ ಪ್ರಾಜೆಕ್ಟ್ ಫಲ ಕೊಡುತ್ತದೆ. ಕಡಿಮೆಯಾದಾಗ ಏನಾಗುತ್ತದೆಂದು ಈಡನ್ ಪ್ರೇರಿಯವರು ಬರೆದಿದ್ದಾರೆ. ಇಷ್ಟಕ್ಕೆ ತುಂಗಾತೀರ ಅವರು ಒಪ್ಪಿದರೆ ನಮ್ಮಿಬ್ಬರ ನಡುವೆ ಹೆಚ್ಚು ಜಗಳವಿಲ್ಲ. ಬೀಜಗಣಿತದ ವಿಷಯದಲ್ಲಿ ಮಾತ್ರ ನಾನು ಜಗ್ಗುವುದಿಲ್ಲ.

ತುಂಗಾತೀರ

ಪೂರ್ತಿಯಾಗಿ ಒಪ್ಪುತ್ತೇನೆ. ಶಾಕೋಪಿಯವರು ಶಾಲೆಯನ್ನು ನೋಡಲು ಹೋಗುವ ಮುನ್ನ ಇದನ್ನು ಓದಿಕೊಳ್ಳಲಿ.

ಚಾರ್ಟರ್ ಶಾಲೆಯ ವಾರ್ಷಿಕ ವರದಿ, ಲೆಕ್ಕ ಪರಿಶೋಧನೆ, ಮಂಡಳಿ ಸಭೆಯ ನಡಾವಳಿ ಎಲ್ಲವೂ ಸಾರ್ವಜನಿಕ ದಾಖಲೆಗಳು. ಸಭೆಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಮೂರು ವರ್ಷಗಳ ಮಕ್ಕಳ ಸಂಖ್ಯೆಯನ್ನು ಜೋಡಿಸಿ ನೋಡಿ, ಇಳಿಯುತ್ತಿದ್ದರೆ ಏಕೆಂದು ಕೇಳಿ. ಪ್ರಾಧಿಕಾರಿಯ ಜೊತೆಗಿನ ಒಪ್ಪಂದ ಯಾವಾಗ ಮುಗಿಯುತ್ತದೆ ಎಂದು ಕೇಳಿ. ಅದು ಒಂದು ಸಲಕ್ಕೆ ಐದು ವರ್ಷ ಮೀರುವುದಿಲ್ಲ. ಈಗಿನ ಶಿಕ್ಷಕರಲ್ಲಿ ಎಷ್ಟು ಮಂದಿ ಎಷ್ಟು ಕಾಲದಿಂದ ಇದ್ದಾರೆಂದು ಕೇಳಿ. ಇದು ಎಲ್ಲಕ್ಕಿಂತ ಮುಖ್ಯ. ಆಮೇಲೆ ಯಾವುದಾದರೂ ಮಗುವಿನ ಮೇಜಿನ ಬಳಿ ನಿಂತು, ತಿರಸ್ಕೃತವಾದ ಪ್ರಸ್ತಾವವೊಂದನ್ನು ತೋರಿಸು ಎನ್ನಿ. ಒಳ್ಳೆಯ ಪ್ರಾಜೆಕ್ಟನ್ನು ಎಲ್ಲ ಶಾಲೆಗಳೂ ತೋರಿಸುತ್ತವೆ. ಒಮ್ಮೆಯೂ ಬೇಡವೆನ್ನದ, ತಿದ್ದಿ ತಾ ಎನ್ನದ ಶಾಲೆಯಲ್ಲಿ ಕಾಠಿಣ್ಯ ಎಲ್ಲಿಂದ ಬರಬೇಕು?

ಕಾಲೇಜಿನ ಬಗ್ಗೆ: ಕ್ರೆಡಿಟ್‌ಗಳನ್ನು ವಿಷಯವಾರು ಅಂಕಪಟ್ಟಿಯಾಗಿ ಹೇಗೆ ಬರೆದುಕೊಡುತ್ತಾರೆ ಎಂಬ ಮಾದರಿಯನ್ನು ಕೈಗೆ ಪಡೆದು ನೋಡಿ. ಮಧ್ಯದಲ್ಲಿ ಶಾಲೆ ಬದಲಾಯಿಸುವ ಪ್ರಸಂಗ ಬಂದರೆ ಅದೇ ಕಾಗದ ನಿಮ್ಮನ್ನು ಕಾಯಬೇಕು.

ಕೊನೆಯದಾಗಿ, ಸಾರಿಗೆ. ಜಿಲ್ಲೆಯ ಗಡಿಯಾಚೆಗಿನ ಮಕ್ಕಳಿಗೆ ಬಸ್ ಕಳಿಸಲೇಬೇಕೆಂಬ ಕಟ್ಟುಪಾಡು ಚಾರ್ಟರ್ ಶಾಲೆಗಿಲ್ಲ. ವಸಂತದಲ್ಲಿ ಹಿಮ ಕರಗಿ ಮಿನ್ನೆಸೋಟಾ ನದಿ ಉಕ್ಕಿದಾಗ ಹೆಂಡರ್ಸನ್‌ನ ರಸ್ತೆಗಳು ಮುಚ್ಚಿದ್ದೂ ಉಂಟು. ದಿನವೂ ಎರಡು ಹೊತ್ತು ಆ ದಾರಿಯಲ್ಲಿ ಹೋಗಿಬರಲು ನಿಮ್ಮಿಬ್ಬರ ಕೆಲಸ ಬಿಡುತ್ತದೆಯೇ ಎಂಬುದನ್ನು ಮೊದಲೇ ಲೆಕ್ಕ ಹಾಕಿ.

ಕಪಿಲಾ ದಂಡೆ

ಮಗಳನ್ನು ಕೇಳಿದಿರಾ ತಾಯಿ? ಇಷ್ಟು ಮಂದಿ ಇಷ್ಟೊಂದು ಬರೆದಿದ್ದೇವೆ, ಆ ಮಗುವಿನ ಮಾತು ಇನ್ನೂ ಬಂದಿಲ್ಲ.

ಶಾಕೋಪಿಯ ಅಮ್ಮ

ಕೇಳಿದೆ ಮೇಷ್ಟ್ರೇ. ನಿಮ್ಮೆಲ್ಲರ ಬರಹವನ್ನು ಅವಳಿಗೆ ಓದಿ ಹೇಳಿದೆ. ಎಂಡೋಸಲ್ಫಾನ್ ಬಗ್ಗೆ ಬಂದಾಗ ಮಧ್ಯದಲ್ಲೇ ನಿಲ್ಲಿಸಿ, ಆ ಕರುಗಳನ್ನು ಯಾರು ಎಣಿಸಿದರು, ಸಿಂಪಡಣೆ ನಿಂತ ಮೇಲೆ ಜೇನು ಮರಳಿ ಬಂತೇ ಎಂದೆಲ್ಲ ಕೇಳಿದಳು. ನನಗೆ ತಿಳಿದಿರಲಿಲ್ಲ. ಪುತ್ತೂರಿನವರು ಒಪ್ಪಿದರೆ ಅವಳೇ ನಿಮಗೆ ಬರೆದು ಕೇಳುತ್ತಾಳಂತೆ. ಕನ್ನಡದಲ್ಲಿ ಬರೆಯಲು ಕಷ್ಟಪಡುತ್ತಾಳೆ, ನಾನು ಜೊತೆಗಿರುತ್ತೇನೆ.

ಅವಳಿಗೆ ಹೆದರಿಕೆಯೂ ಇದೆ. ಇಲ್ಲಿನ ಗೆಳತಿಯರನ್ನು, ಆರ್ಕೆಸ್ಟ್ರಾವನ್ನು ಬಿಡಬೇಕಾಗುತ್ತದೆ. ನೂರು ಮಕ್ಕಳ ಶಾಲೆಯಲ್ಲಿ ಅದೆಲ್ಲ ಇರುತ್ತದೋ ಇಲ್ಲವೋ ಎಂಬುದು ಅವಳ ಪ್ರಶ್ನೆ. ನಾವು ಯಾರೂ ಅದನ್ನು ಯೋಚಿಸಿರಲಿಲ್ಲ.

ಯಜಮಾನರು ಗಣಿತಪ್ರಿಯರ ಎರಡನೆಯ ಬರಹ ಓದಿದ ಮೇಲೆ, ನೋಡಿ ಬರುವುದಕ್ಕೆ ಅಡ್ಡಿಯಿಲ್ಲ ಎಂದಿದ್ದಾರೆ. ಪೋಷಕರು ಬಂದು ನೋಡುವ ದಿನಕ್ಕೆ ಹೆಸರು ಕೊಟ್ಟಿದ್ದೇವೆ. ತಿರಸ್ಕೃತ ಪ್ರಸ್ತಾವ ತೋರಿಸಿ ಎಂದು ಕೇಳಲು ಅವಳೇ ಸಿದ್ಧಳಾಗಿದ್ದಾಳೆ.

ಪುತ್ತೂರು ಕಡೆಯವನು

ಖಂಡಿತ ಬರೆಯಲಿ. ತಪ್ಪಿದ್ದರೂ ಪರವಾಗಿಲ್ಲ, ಕನ್ನಡದಲ್ಲೇ ಬರೆಯಲಿ. ಜೇನಿನ ಬಗ್ಗೆ ನನ್ನೊಬ್ಬನ ಮಾತು ಸಾಲದು. ನಮ್ಮೂರಿನ ಜೇನು ಕೃಷಿಕರಿಬ್ಬರನ್ನು ವಿಡಿಯೊ ಕರೆಯಲ್ಲಿ ಕೂರಿಸುತ್ತೇನೆ. ಪ್ರಶ್ನೆಗಳನ್ನು ಮೊದಲೇ ಕಳಿಸಿದರೆ ಅವರು ತಮ್ಮ ಹಳೆಯ ಲೆಕ್ಕದ ಪುಸ್ತಕಗಳನ್ನು ತೆಗೆದಿಡುತ್ತಾರೆ.

ಗಣಿತಪ್ರಿಯ

ಯಾವ ಶಾಲೆಗೆ ಸೇರಿದರೂ ಶನಿವಾರದ ಗಣಿತಕ್ಕೆ ಕಳಿಸಿ. ಹಕ್ಕಿಗಳ ಪಟ್ಟಿಯನ್ನೂ ತರಲಿ. ವಾರವಾರದ ಲೆಕ್ಕವಿದ್ದರೆ ಅದರಿಂದಲೇ ರೇಖಾಚಿತ್ರ, ಸರಾಸರಿ, ಶೇಕಡಾವಾರು ಶುರುಮಾಡಬಹುದು. ಆಮೇಲೆ ಅಭ್ಯಾಸದ ಲೆಕ್ಕಗಳನ್ನೂ ಬಿಡಿಸಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಈಡನ್ ಪ್ರೇರಿ

ನೋಡಿ ಬಂದ ಮೇಲೆ ಕಂಡದ್ದನ್ನು ಕಂಡಂತೆ ಇಲ್ಲಿ ಬರೆಯಿರಿ. ಶಿಕ್ಷಕರು ಎಷ್ಟು ವರ್ಷಗಳಿಂದ ಇದ್ದಾರೆ ಎಂಬುದನ್ನು ಮಾತ್ರ ಮರೆಯಬೇಡಿ. ನಮ್ಮ ಚಿಕ್ಕ ಮಗಳಿಗಾಗಿ ನಾವೂ ಶಾಲೆ ಹುಡುಕುತ್ತಿದ್ದೇವೆ. ಜೋರ್ಡಾನ್, ಬೆಲ್ ಪ್ಲೇನ್ ಕಡೆಯಿಂದ ಹೆಂಡರ್ಸನ್‌ಗೆ ಹೋಗಿಬರುವ ಕನ್ನಡದವರು ಯಾರಾದರೂ ಇದ್ದರೆ ತಿಳಿಸಿ, ಕಾರನ್ನು ಹಂಚಿಕೊಳ್ಳಬಹುದು.